ಯಾವ ಸೀಮೆ ಸ್ವಾತಂತ್ರ್ಯ ಸಾರ್ ಇದು?

ಕಳೆದ ತಿಂಗಳ ಒಂದು ಭಾನುವಾರ, ಹಾಸನದ ಮಹಾರಾಜ ಪಾರ್ಕ್ ಹತ್ತಿರ ಒಂದು ಸಣ್ಣ ಹಾಲ್‌ನಲ್ಲಿ ಮುಕ್ತ ತಂತ್ರಾಂಶದ ಬಗ್ಗೆ ಮಾತಾಡಿದ್ದೆ. ನಲವತ್ತು ಜನ ಇದ್ದರೇನೋ. ಅರ್ಧ ಜನ ಇಂಜಿನಿಯರಿಂಗ್ ಓದುವ ಹುಡುಗ ಹುಡುಗಿಯರು, ಇಬ್ಬರು ಹೈಸ್ಕೂಲ್ ಮೇಷ್ಟ್ರು, ಒಬ್ಬರು ಡಿಟಿಪಿ ಅಂಗಡಿಯವರು, ಇನ್ನು ಕೆಲವರು ಮಳೆ ಬಂತು ಅಂತ ಒಳಗೆ ಬಂದು ಕೂತವರು. ಮಾತಾಡಿದ್ದನ್ನ ಬರೆದು ಕೊಡಿ ಅಂತ ಹುಡುಗರು ಬೆನ್ನು ಬಿದ್ದಿದ್ದರಿಂದ ನೆನಪಿದ್ದಷ್ಟನ್ನ ಇಲ್ಲಿ ಹಾಕಿದ್ದೇನೆ. ಆವತ್ತು ಹೇಳೋಕೆ ಮರೆತಿದ್ದು ಒಂದೆರಡು ಸೇರಿಸಿದ್ದೇನೆ, ಹೇಳಬಾರದಿದ್ದ ಒಂದೆರಡು ಜೋಕು ತೆಗೆದಿದ್ದೇನೆ.

ಎಲ್ಲರಿಗೂ ನಮಸ್ಕಾರ ಅಂದು ನಾನಿನ್ನೂ ಪ್ರೊಜೆಕ್ಟರ್ ವೈರ್ ಹುಡುಕುತ್ತಿದ್ದೆ. ಅಷ್ಟರಲ್ಲೇ ಡಿಟಿಪಿಯವರು ಕೈ ಎತ್ತಿದರು. ಅವರಿಗೆ ಆರು ತಿಂಗಳ ಹಿಂದೆ ನಾನೇ ಒಂದು ಸಲಹೆ ಕೊಟ್ಟಿದ್ದೆ: ಆ ಲ್ಯಾಪ್‌ಟಾಪ್ ಬೇಡ, ಅದರ ವೈಫೈ ಲಿನಕ್ಸ್‌ಗೆ (ವಿಂಡೋಸ್ ಬದಲು ಹಾಕುವ ಮುಕ್ತ ಆಪರೇಟಿಂಗ್ ಸಿಸ್ಟಮ್‌ಗೆ) ತಲೆನೋವು, ಈ ಮಾಡೆಲ್ ತಗೊಳ್ಳಿ ಅಂತ. ಅದನ್ನೇ ಹಿಡಿದು ಕೇಳಿದರು. "ಸಾರ್, ನೀವು ಬಾಯಿ ತೆಗೆದರೆ ಸ್ವಾತಂತ್ರ್ಯ ಅಂತೀರಿ. ವಿಂಡೋಸ್ ಇದ್ದಾಗ ಅಂಗಡಿಗೆ ಹೋಗಿ ಇಷ್ಟ ಬಂದ ಮೆಷಿನ್ ತರ್ತಿದ್ದೆ. ಈಗ ನಿಮ್ಮನ್ನ ಕೇಳಿ ತರಬೇಕು. ಯಾವ ಸೀಮೆ ಸ್ವಾತಂತ್ರ್ಯ ಸಾರ್ ಇದು?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ರಾತ್ರಿ ಕೂತು ಮಾಡಿದ್ದ ಸ್ಲೈಡ್‌ಗಳೆಲ್ಲ ಅಲ್ಲಿಗೆ ದಂಡ. ಇಡೀ ಮಧ್ಯಾಹ್ನ ಆ ಒಂದು ಪ್ರಶ್ನೆಯ ಮೇಲೇ ಹೋಯಿತು.

ನೋಡಿ, ಅವರು ಕೇಳಿದ್ದು ನ್ಯಾಯವಾದ ಪ್ರಶ್ನೆ. ಮುಕ್ತ ತಂತ್ರಾಂಶ ಅಂದರೆ ನಾಲ್ಕು ಸ್ವಾತಂತ್ರ್ಯ ಅಂತ ನಾವು ಹೇಳಿಕೊಂಡು ತಿರುಗುತ್ತೇವೆ. ಯಾವ ಕೆಲಸಕ್ಕೆ ಬೇಕಾದರೂ ಓಡಿಸಬಹುದು. ಒಳಗೆ ಏನಿದೆ ನೋಡಿ ನಮಗೆ ಬೇಕಾದ ಹಾಗೆ ತಿದ್ದಿಕೊಳ್ಳಬಹುದು. ಕಾಪಿ ಮಾಡಿ ಪಕ್ಕದವರಿಗೆ ಕೊಡಬಹುದು. ತಿದ್ದಿದ್ದನ್ನೂ ಹಂಚಬಹುದು. ಈ ನಾಲ್ಕನ್ನು ಸೊನ್ನೆಯಿಂದ ಮೂರರವರೆಗೆ ಎಣಿಸುತ್ತಾರೆ, ಕಂಪ್ಯೂಟರಿನವರ ಖಯಾಲಿ. ಈಗ ಪಟ್ಟಿಯನ್ನ ಇನ್ನೊಂದು ಸಲ ನೋಡಿ. ಇಷ್ಟ ಬಂದ ಹಾರ್ಡ್‌ವೇರ್ ಕೊಂಡು ಅದರ ಮೇಲೆ ಓಡಿಸುವ ಸ್ವಾತಂತ್ರ್ಯ ಅಂತ ಐದನೆಯದು ಎಲ್ಲೂ ಇಲ್ಲ. ಯಾರೂ ಆ ಮಾತು ಕೊಟ್ಟೇ ಇಲ್ಲ. ಇಲ್ಲದಿರುವುದು ತಪ್ಪಾ? ಬಹಳ ವರ್ಷ ನನಗೂ ತಪ್ಪು ಅಂತಲೇ ಅನಿಸಿತ್ತು.

ತಮಾಷೆ ಏನು ಗೊತ್ತಾ, ಈ ಚಳವಳಿ ಹುಟ್ಟಿದ್ದೇ ಒಂದು ಹಾರ್ಡ್‌ವೇರ್ ಜಗಳದಿಂದ. ಅದೂ ಪ್ರಿಂಟರ್. (ಇದನ್ನ ಹೇಳಿದಾಗ ಡಿಟಿಪಿಯವರು ನೆಟ್ಟಗೆ ಕೂತರು.) 1980ರ ಆಸುಪಾಸು, ಅಮೆರಿಕದ ಎಂಐಟಿ ವಿದ್ಯಾಸಂಸ್ಥೆಯ ಎಐ ಲ್ಯಾಬ್‌ನಲ್ಲಿ ರಿಚರ್ಡ್ ಸ್ಟಾಲ್‌ಮನ್ ಎಂಬ ಪ್ರೋಗ್ರಾಮರ್ ಕೆಲಸ ಮಾಡುತ್ತಿದ್ದರು. ಅಲ್ಲಿದ್ದ ಹಳೇ ಪ್ರಿಂಟರಿನಲ್ಲಿ ಪೇಪರ್ ಸಿಕ್ಕಿಹಾಕಿಕೊಳ್ಳುತ್ತಿತ್ತು. ಪ್ರಿಂಟರ್ ಇರುವುದು ಒಂದು ಕಡೆ, ಜನ ಕೂರುವುದು ಇನ್ನೊಂದು ಕಡೆ. ಅದಕ್ಕೆ ಅವರು ಪ್ರೋಗ್ರಾಮಿಗೆ ಕೈ ಹಾಕಿ, ಪೇಪರ್ ಸಿಕ್ಕಿದ ಕೂಡಲೇ ಪ್ರಿಂಟ್‌ಗೆ ಕಾಯುತ್ತಿರುವವರ ಸ್ಕ್ರೀನ್ ಮೇಲೆ ಒಂದು ಸಾಲು ಬರುವ ಹಾಗೆ ಮಾಡಿದ್ದರು. ಆಮೇಲೆ ಜೆರಾಕ್ಸ್ ಕಂಪನಿಯವರು ಹೊಸ ಲೇಸರ್ ಪ್ರಿಂಟರ್ ಕೊಟ್ಟರು. ಒಳ್ಳೇ ಮೆಷಿನ್, ಬೇಗ ಪ್ರಿಂಟ್ ಆಗುತ್ತದೆ, ಪೇಪರ್ ಮಾತ್ರ ಅದರಲ್ಲೂ ಸಿಕ್ಕುತ್ತದೆ. ಅದರ ಸೋರ್ಸ್ ಕೋಡ್, ಅಂದರೆ ಓದಿ ತಿದ್ದಬಹುದಾದ ಪ್ರೋಗ್ರಾಮಿನ ಮೂಲ ಬರಹ, ಕೊಡಲಿಲ್ಲ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಒಬ್ಬರ ಹತ್ತಿರ ಇದೆ ಅಂತ ಗೊತ್ತಾಗಿ ಹೋಗಿ ಕೇಳಿದರೆ, ಯಾರಿಗೂ ಕೊಡಲ್ಲ ಅಂತ ಸಹಿ ಹಾಕಿದ್ದೀನಿ ಅಂದುಬಿಟ್ಟರು. ಮುಂದೆ ಸ್ಟಾಲ್‌ಮನ್ 1983ರಲ್ಲಿ ಪೂರ್ತಿ ಮುಕ್ತವಾದ ಆಪರೇಟಿಂಗ್ ಸಿಸ್ಟಮ್ ಕಟ್ಟುವ ಗ್ನು ಯೋಜನೆ ಶುರು ಮಾಡಿದರು, 1985ರಲ್ಲಿ ಫ್ರೀ ಸಾಫ್ಟ್‌ವೇರ್ ಫೌಂಡೇಷನ್.

ಕೈಯಲ್ಲಿದ್ದ ಸಾಮಾನು ಹೇಗೆ ಕೆಲಸ ಮಾಡುತ್ತದೆ ಅಂತ ಹೇಳದೆ ಹೋದದ್ದೇ ಇದಕ್ಕೆಲ್ಲ ಮೂಲ. ಹಾರ್ಡ್‌ವೇರ್ ಬೇರೆ, ತಂತ್ರಾಂಶ ಬೇರೆ ಅಂತ ಈಗ ನಾವು ಎರಡು ಡಬ್ಬಿ ಮಾಡಿ ಇಟ್ಟಿದ್ದೇವೆ, ಆವತ್ತು ಅದು ಒಂದೇ ಡಬ್ಬಿ.

ಈಗ ನಮ್ಮ ಊರಿಗೆ ಬರೋಣ.

2019ರಲ್ಲಿ ನಾನೊಂದು ಹೊಸ ಲ್ಯಾಪ್‌ಟಾಪ್ ತಂದೆ. ಡಾಸ್ ಲ್ಯಾಪ್‌ಟಾಪ್ ಅಂತಾರಲ್ಲ, ವಿಂಡೋಸ್ ಇಲ್ಲದೆ ಮೂರ್ನಾಲ್ಕು ಸಾವಿರ ಕಡಿಮೆಗೆ ಬರುತ್ತದಲ್ಲ, ಅದು. ಅಂಗಡಿ ಹುಡುಗ "ಅಣ್ಣಾ, ವಿಂಡೋಸ್ ಹಾಕ್ಕೊಡ್ಲಾ, ಆಫೀಸೂ ಬರುತ್ತೆ, ಫ್ರೀ" ಅಂದ. ಆ ಫ್ರೀ ನನಗೆ ಬೇಡ ಅಂದೆ. ಅವನಿಗೆ ಅರ್ಥ ಆಗಲಿಲ್ಲ, ಪಾಪ. ಮನೆಗೆ ಬಂದು ಲಿನಕ್ಸ್‌ನ ಡೆಬಿಯನ್ ಅನ್ನುವ ಆವೃತ್ತಿ ಹಾಕೋಕೆ ಕೂತೆ. ಎರಡನೇ ಸ್ಕ್ರೀನೋ ಮೂರನೇ ಸ್ಕ್ರೀನೋ, ಬಂತು ನೋಡಿ: ನಿಮ್ಮ ಹಾರ್ಡ್‌ವೇರ್ ಕೆಲಸ ಮಾಡೋಕೆ ಈ ಫೈಲ್ ಬೇಕು, ಪೆನ್‌ಡ್ರೈವ್‌ನಲ್ಲಿದ್ದರೆ ಹಾಕಿ. ಕೆಳಗೆ ಆರ್‌ಟಿಎಲ್ ಅಂತ ಶುರುವಾಗಿ ಡಾಟ್ ಬಿನ್ ಅಂತ ಮುಗಿಯುವ ಒಂದು ಹೆಸರು. ಅದು ವೈಫೈ ಚಿಪ್‌ಗೆ ಬೇಕಾದ ಫರ್ಮ್‌ವೇರ್. ಆ ಫೈಲ್ ಇಳಿಸಿಕೊಳ್ಳೋಕೆ ನೆಟ್ ಬೇಕು. ನೆಟ್ ಬೇಕು ಅಂದರೆ ವೈಫೈ ಬೇಕು. ವೈಫೈಗೆ ಆ ಫೈಲ್ ಬೇಕು. ಲ್ಯಾನ್ ಕೇಬಲ್ ಸಿಕ್ಕಿಸೋಣ ಅಂದರೆ ತೆಳ್ಳಗೆ ಕಾಣಲಿ ಅಂತ ಆ ತೂತನ್ನೇ ತೆಗೆದುಹಾಕಿದ್ದಾರೆ. ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ. ಕೊನೆಗೆ ಮೊಬೈಲನ್ನ ಯುಎಸ್‌ಬಿ ಕೇಬಲ್‌ನಲ್ಲಿ ಸಿಕ್ಕಿಸಿ ಅದರ ನೆಟ್ ಕೊಟ್ಟು ಕೆಲಸ ಮುಗಿಸಿದೆ.

ಫರ್ಮ್‌ವೇರ್ ಅಂದರೇನು ಅಂತ ಹಿಂದೆ ಕೂತಿದ್ದ ಮೇಷ್ಟ್ರು ಕೇಳಿದರು. ಚಿಪ್ ಒಳಗೇ ಓಡುವ ಚಿಕ್ಕ ಪ್ರೋಗ್ರಾಮ್. ವೈಫೈ ಕಾರ್ಡ್ ಅನ್ನೋದು ಈಗ ಬರೀ ಕಾರ್ಡ್ ಅಲ್ಲ, ಅದೇ ಒಂದು ಪುಟಾಣಿ ಕಂಪ್ಯೂಟರ್. ಹಾರ್ಡ್‌ಡಿಸ್ಕ್, ಕೀಬೋರ್ಡ್, ಬ್ಯಾಟರಿ, ಎಲ್ಲದರಲ್ಲೂ ಒಂದೊಂದು ಕೂತಿದೆ. ಹೆಚ್ಚಿನವುಗಳ ಸೋರ್ಸ್ ನಮಗೆ ಸಿಗಲ್ಲ. ಕಂಪನಿಯವರು ಬೇಯಿಸಿ ಕೊಟ್ಟಿದ್ದನ್ನ ಹಾಗೇ ನುಂಗಬೇಕು. ಮುಂದಿನ ಸಾಲಿನಲ್ಲಿದ್ದ ಒಬ್ಬಳು ಹುಡುಗಿ ತಕ್ಷಣ "ಸಾರ್, ಹಾಸನಾಂಬೆ ಬಾಗಿಲು ವರ್ಷಕ್ಕೊಂದು ಸಲ ಆದ್ರೂ ತೆಗೀತಾರೆ" ಅಂದಳು. ಇದಕ್ಕೆ ನಾನು ಏನು ಸೇರಿಸಲಿ.

ಇಲ್ಲೇ ನಮ್ಮ ಬಳಗ ಎರಡಾಗಿ ಒಡೆಯುವುದು. ಒಂದು ಗುಂಪು ಹೇಳುತ್ತದೆ: ಆ ಫೈಲ್ ಮುಕ್ತ ಅಲ್ಲ, ಹಾಗಾಗಿ ಹಾಕಲೇಬಾರದು, ಅದಿಲ್ಲದೆ ಓಡುವ ಹಾರ್ಡ್‌ವೇರ್ ಹುಡುಕು. ಟ್ರಿಸ್ಕೆಲ್ ಥರದ ಲಿನಕ್ಸ್ ಆವೃತ್ತಿಗಳು ಹೀಗೇ, ಕರ್ನಲ್‌ನಿಂದಲೇ, ಅಂದರೆ ಲಿನಕ್ಸ್‌ನ ತಿರುಳಿನಿಂದಲೇ, ಅಂಥ ತುಣುಕುಗಳನ್ನ ಹೆಕ್ಕಿ ಬಿಸಾಕುತ್ತವೆ. ಇನ್ನೊಂದು ಗುಂಪು ಹೇಳುತ್ತದೆ: ಮೊದಲು ಮೆಷಿನ್ ಓಡಲಿ ಮಾರಾಯ, ಆಮೇಲೆ ತತ್ವ. ಡೆಬಿಯನ್‌ನವರು ಬಹಳ ವರ್ಷ ನಡುವೆ ನಿಂತಿದ್ದರು. ಫೈಲ್ ಇಟ್ಟಿರುತ್ತಿದ್ದರು, ಆದರೆ ಅಧಿಕೃತ ಇನ್‌ಸ್ಟಾಲರ್ ಒಳಗೆ ಸೇರಿಸುತ್ತಿರಲಿಲ್ಲ. 2022ರಲ್ಲಿ ಇದನ್ನ ಮತಕ್ಕೆ ಹಾಕಿದರು, ಸೇರಿಸೋಣ ಅನ್ನುವವರು ಗೆದ್ದರು. 2023ರ ಜೂನ್‌ನಲ್ಲಿ ಬಂದ ಡೆಬಿಯನ್ 12ರಿಂದ ಆ ಫೈಲ್‌ಗಳು ಇನ್‌ಸ್ಟಾಲರ್ ಜೊತೆಗೇ ಬರುತ್ತವೆ. ಮುಕ್ತ ಅಲ್ಲದ ಫರ್ಮ್‌ವೇರ್ ಅಂತ ಅದಕ್ಕೆ ಬೇರೆಯೇ ಗೂಡು ಮಾಡಿದ್ದಾರೆ. ಹಾಕಿದ್ದನ್ನ ಮುಚ್ಚಿಟ್ಟಿಲ್ಲ, ಅದು ನನಗೆ ಹಿಡಿಸಿತು.

ಮೊದಲನೇ ಗುಂಪಿನವರದ್ದು ಇನ್ನೂ ಒಂದು ವಿಚಿತ್ರ ಇದೆ. ಫ್ರೀ ಸಾಫ್ಟ್‌ವೇರ್ ಫೌಂಡೇಷನ್ ಕೆಲವು ಸಾಧನಗಳಿಗೆ ಇವು ನಿಮ್ಮ ಸ್ವಾತಂತ್ರ್ಯವನ್ನ ಗೌರವಿಸುತ್ತವೆ ಅಂತ ಒಂದು ಮುದ್ರೆ ಕೊಡುತ್ತದೆ. ಅದರ ನಿಯಮದಲ್ಲಿ ಒಂದು ವಿನಾಯಿತಿ: ಫರ್ಮ್‌ವೇರ್ ಕಾರ್ಖಾನೆಯಲ್ಲೇ ಒಂದು ಪಕ್ಕದ ಚಿಪ್ ಒಳಗೆ ಸೇರಿ, ಕೊಂಡ ಮೇಲೆ ಅದನ್ನ ಯಾರೂ ಬದಲಾಯಿಸುವ ಹಾಗಿಲ್ಲದಿದ್ದರೆ, ಅದನ್ನ ಹಾರ್ಡ್‌ವೇರ್ ಅಂತಲೇ ಲೆಕ್ಕ. ಅದೇ ಫರ್ಮ್‌ವೇರನ್ನ ನಿಮ್ಮ ಡಿಸ್ಕಿನಿಂದ ಲೋಡ್ ಮಾಡಿದರೆ ಅದು ತಂತ್ರಾಂಶ, ಮುಕ್ತ ಆಗಿರಲೇಬೇಕು. ಅಂದರೆ ಅದೇ ಪ್ರೋಗ್ರಾಮ್, ಅದೇ ಕಂಪನಿ, ಅದೇ ಕತ್ತಲು. ಒಳಗೆ ಹೂತಿಟ್ಟರೆ ಪಾಸ್, ಎದುರಿಗೆ ಇಟ್ಟರೆ ಫೇಲ್. ಅವರ ತರ್ಕ ಇಷ್ಟು: ಕಂಪನಿಯವರಿಗೂ ಬದಲಾಯಿಸೋಕೆ ಆಗದಿದ್ದರೆ ಅವರ ಕೈಯಲ್ಲೂ ನಿಮ್ಮ ಮೇಲೆ ಅಧಿಕಾರ ಇಲ್ಲ. ತರ್ಕ ತಪ್ಪು ಅಂತ ಹೇಳೋಕೆ ನನಗೆ ಬರಲ್ಲ. ಆದರೆ ಹೂತಿಟ್ಟಿದ್ದರಲ್ಲಿ ದೋಷ ಇದ್ದರೆ ರಿಪೇರಿಯೂ ಇಲ್ಲ, ಅಲ್ವಾ? ಆ ಮುದ್ರೆ ನೋಡಿ ಕಣ್ಣು ಮುಚ್ಚಿ ಕೊಳ್ಳುವವನು ನಾನಲ್ಲ.

ಹಾಗಾದರೆ ಡಿಟಿಪಿಯವರಿಗೆ ಏನು ಉತ್ತರ? ನಾನು ಆಲೂಗೆಡ್ಡೆ ಕತೆ ಹೇಳಿದೆ. ಹಾಸನದಲ್ಲಿ ನಿಂತು ಬೇರೆ ಏನು ಹೇಳಲಿ. ನಮ್ಮ ಜಿಲ್ಲೆಯಲ್ಲಿ ಮುಂಗಾರು ಹತ್ತಿರ ಬರುತ್ತಿದ್ದ ಹಾಗೆ ಎಪಿಎಂಸಿ ಯಾರ್ಡಿಗೆ ಬಿತ್ತನೆ ಗೆಡ್ಡೆ ಲಾರಿ ಬರುತ್ತವಲ್ಲ, ಎಲ್ಲಿಂದ? ಪಂಜಾಬಿನ ಜಲಂಧರ್‌ನಿಂದ. ಹೊಲ ನಮ್ಮದು, ಗೊಬ್ಬರ ನಮ್ಮದು, ಯಾವಾಗ ಬಿತ್ತಬೇಕು, ಎಷ್ಟು ಅಂತರ ಬಿಡಬೇಕು, ಎಲ್ಲ ನಮ್ಮಿಷ್ಟ. ಬಿತ್ತನೆ ಗೆಡ್ಡೆ ಮಾತ್ರ ಬಂದಿದ್ದನ್ನ ತಗೋಬೇಕು. ಚೀಲದ ಒಳಗೆ ಏನಿದೆ ಅಂತ ಗೊತ್ತಾಗೋದು ಅಂಗಮಾರಿ ಬಂದು ಎಲೆ ಕಪ್ಪಾದ ಮೇಲೆ. ಆವಾಗ ರೈತನಿಗೆ ಯಾರಾದರೂ, ಯಾರ್ಡಿನಲ್ಲಿ ಇಪ್ಪತ್ತು ಮಂಡಿ ಇದೆ, ಯಾವ ಮಂಡಿಯಲ್ಲಿ ಬೇಕಾದರೂ ತಗೊಳ್ಳೋ ಸ್ವಾತಂತ್ರ್ಯ ಇತ್ತಲ್ಲ ನಿನಗೆ ಅಂದರೆ ಹೇಗಿರುತ್ತೆ? ಇಪ್ಪತ್ತು ಮಂಡಿಗೂ ಲಾರಿ ಬಂದಿದ್ದು ಒಂದೇ ಕಡೆಯಿಂದ.

ಲ್ಯಾಪ್‌ಟಾಪ್ ಅಂಗಡಿಯೂ ಹಾಗೇ. ಬಿಎಂ ರಸ್ತೆಯಲ್ಲಿ ಹತ್ತು ಬ್ರ್ಯಾಂಡಿನ ನಲವತ್ತು ಡಬ್ಬಿ ಜೋಡಿಸಿರುತ್ತಾರೆ. ಒಳಗೆ ಬಿಚ್ಚಿದರೆ ಪ್ರೊಸೆಸರ್ ಬಹುಪಾಲು ಇಂಟೆಲ್ ಇಲ್ಲ ಎಎಂಡಿ, ವೈಫೈ ಮೂರ್ನಾಲ್ಕು ಕಂಪನಿಯದ್ದೇ. ಬಣ್ಣ, ಸ್ಟಿಕ್ಕರ್ ಬೇರೆ. "ಇಷ್ಟ ಬಂದದ್ದು ತರ್ತಿದ್ದೆ" ಅಂದರಲ್ಲ, ಅವರು ಆರಿಸುತ್ತಿದ್ದದ್ದು ಡಬ್ಬಿಯನ್ನ. ಆ ಡಬ್ಬಿ ಎಲ್ಲ ವಿಂಡೋಸ್‌ಗೆ ಹೊಂದುತ್ತಿತ್ತು ಅಂದರೆ ಅದು ವಿಂಡೋಸ್ ಕೊಟ್ಟ ಉದಾರ ಸ್ವಾತಂತ್ರ್ಯ ಅಂತಲ್ಲ. ತಯಾರಿಸಿದವರಲ್ಲಿ ಎಷ್ಟೋ ಜನ ಅದೊಂದಕ್ಕೆ ಡ್ರೈವರ್, ಅಂದರೆ ಆ ಚಿಪ್ ನಡೆಸುವ ಪ್ರೋಗ್ರಾಮ್, ಬರೆದು ಕೊಟ್ಟಿರುತ್ತಾರೆ, ಉಳಿದವರಿಗೆ ಚಿಪ್ ಹೇಗೆ ಕೆಲಸ ಮಾಡುತ್ತದೆ ಅಂತ ಒಂದು ಪುಟ ಕಾಗದ ಸಹ ಕೊಟ್ಟಿರಲ್ಲ. ಆಮೇಲೆ ಬೈಗುಳ ಮಾತ್ರ ಲಿನಕ್ಸ್‌ಗೆ.

ಈ ವಿಷಯ ನನ್ನ ತಲೆಗೆ ಸರಿಯಾಗಿ ಹೋಗಿದ್ದು ಒಂದು ಸ್ಕ್ರೂಡ್ರೈವರಿಂದ. ಮೇಲೆ ಹೇಳಿದ ಕತೆಗೂ ಮುಂಚೆ ನನ್ನ ಹತ್ತಿರ ಒಂದು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಇತ್ತು. ಬೆಂಗಳೂರಿನ ಎಸ್‌ಪಿ ರೋಡಿನಿಂದ ತಂದಿದ್ದು. ದೊಡ್ಡ ಹೆಸರಿನ ಕಂಪನಿಯದ್ದೇ. ಅದರ ವೈಫೈ ಆಗಾಗ ಸಾಯುತ್ತಿತ್ತು. ಸರಿ, ಕಾರ್ಡ್ ಬದಲಾಯಿಸೋಣ, ಅದೂ ಫರ್ಮ್‌ವೇರ್ ಫೈಲೇ ಬೇಡದ ಹಳೇ ಅಥೆರಾಸ್ ಕಾರ್ಡ್ ಹಾಕೋಣ ಅಂತ ಒಂದು ತರಿಸಿದೆ. ಹಿಂದಿನ ಮುಚ್ಚಳ ಬಿಚ್ಚಿದರೆ ಬೆಂಕಿಪೊಟ್ಟಣದ ಅರ್ಧದಷ್ಟು ಹಸಿರು ಹಲಗೆ, ಒಂದೋ ಎರಡೋ ಸ್ಕ್ರೂ, ಕಪ್ಪು ಒಂದು ಬಿಳಿ ಒಂದು ಕೂದಲೆಳೆಯಂಥ ಆಂಟೆನಾ ವೈರ್. ಉಗುರಲ್ಲಿ ಮೆಲ್ಲಗೆ ಎಬ್ಬಿಸಿ ತೆಗೆದೆ, ಹೊಸದು ಕೂರಿಸಿದೆ, ವೈರ್ ಒತ್ತಿದೆ, ಟಿಕ್ ಅಂತು. ಐದು ನಿಮಿಷದ ಕೆಲಸ. ಮುಚ್ಚಳ ಹಾಕಿ ಆನ್ ಮಾಡಿದರೆ ಎರಡು ಸಲ ಬೀಪ್, ಕಪ್ಪು ಪರದೆ ಮೇಲೆ ಒಂದು ಸಾಲು: ಅನುಮತಿ ಇಲ್ಲದ ನೆಟ್‌ವರ್ಕ್ ಕಾರ್ಡ್ ಹಾಕಲಾಗಿದೆ, ಆಫ್ ಮಾಡಿ ಅದನ್ನ ತೆಗೆಯಿರಿ.

ಅನುಮತಿ! ನನ್ನ ದುಡ್ಡಿನ ಲ್ಯಾಪ್‌ಟಾಪ್, ನನ್ನ ದುಡ್ಡಿನ ಕಾರ್ಡ್. ಸ್ಲಾಟಿಗೆ ಸರಿಯಾಗಿ ಕೂತಿದೆ, ಕರೆಂಟ್ ಹರಿಯುತ್ತಿದೆ. ಬಯೋಸ್ ಒಳಗೆ, ಅಂದರೆ ಆನ್ ಮಾಡಿದ ಕೂಡಲೇ ಮೊದಲು ಓಡುವ ಪ್ರೋಗ್ರಾಮಿನ ಒಳಗೆ, ಯಾರೋ ಒಂದು ಪಟ್ಟಿ ಬರೆದಿಟ್ಟಿದ್ದಾರೆ, ಆ ಪಟ್ಟಿಯಲ್ಲಿ ಹೆಸರಿಲ್ಲದ ಕಾರ್ಡಿಗೆ ಪ್ರವೇಶ ಇಲ್ಲ. ತಡೆದದ್ದು ಹಾರ್ಡ್‌ವೇರ್ ಅಲ್ಲವೇ ಅಲ್ಲ, ನಾನು ತಿದ್ದೋಕೆ ಆಗದ ಒಂದು ಪ್ರೋಗ್ರಾಮ್. ಮುಂದೆ ಗೆಳೆಯನೊಬ್ಬನ ಸಹಾಯ ತಗೊಂಡು ಬಯೋಸ್ ಇರುವ ಚಿಪ್ ಮೇಲೆ ಕ್ಲಿಪ್ ಕಚ್ಚಿಸಿ, ಬಯೋಸ್ ಅಳಿಸಿ, ಕೋರ್‌ಬೂಟ್ ಅನ್ನುವ ಮುಕ್ತ ಪ್ರೋಗ್ರಾಮ್ ಬರೆದೆವು. ಕೈ ನಡುಗುತ್ತಿತ್ತು, ಸುಳ್ಳು ಹೇಳಲ್ಲ, ತಪ್ಪಿದ್ದರೆ ಮೆಷಿನ್ ಪೇಪರ್‌ವೇಟ್ ಆಗುತ್ತಿತ್ತು. ಆನ್ ಮಾಡಿದೆವು. ಅದೇ ಕಾರ್ಡ್, ಅದೇ ಸ್ಲಾಟ್, ತುಟಿಪಿಟಕ್ಕೆನ್ನದೆ ನಡೆಯಿತು.

ಇದನ್ನೇ ಡಿಟಿಪಿಯವರಿಗೆ ಹೇಳಿದೆ. ನಿಮ್ಮ ಪ್ರಿಂಟರಿಗೆ ಹೊರಗಡೆ ರೀಫಿಲ್ ಮಾಡಿದ ಕಾರ್ಟ್ರಿಜ್ ಹಾಕಿದಾಗ ಇದು ಅಸಲಿ ಅಲ್ಲ ಅಂತ ಕೆಂಪು ದೀಪ ಮಿನುಗುತ್ತದಲ್ಲ, ಅದನ್ನ ಮಿನುಗಿಸುವುದು ಯಾರು? ಇಂಕ್ ಅಂತೂ ಅಲ್ಲ. ಹಾರ್ಡ್‌ವೇರ್ ಆರಿಸುವ ಸ್ವಾತಂತ್ರ್ಯಕ್ಕೆ ಮುಕ್ತ ತಂತ್ರಾಂಶ ಅಡ್ಡ ಬಂತು ಅಂತೀರಿ, ನನಗೆ ಕಂಡಿದ್ದು ಉಲ್ಟಾ. ಒಳಗಿನ ಪ್ರೋಗ್ರಾಮ್ ಮುಚ್ಚಿಟ್ಟವರೇ ಆರಿಸುವ ಹಕ್ಕನ್ನೂ ಮುಚ್ಚಿಟ್ಟಿದ್ದಾರೆ. ವಿಂಡೋಸ್ ಹಾಕಿದ್ದಾಗ ಆ ಬೇಲಿ ಕಾಣುವುದಿಲ್ಲ, ಯಾಕೆಂದರೆ ನೀವು ಬೇಲಿ ಹತ್ತಿರ ಹೋಗುವುದೇ ಇಲ್ಲ.

ಒಬ್ಬ ಹುಡುಗ "ಹಂಗಾದ್ರೆ ಪೂರ್ತಿ ಮುಕ್ತವಾದ ಲ್ಯಾಪ್‌ಟಾಪ್ ಯಾವುದು ಸಾರ್, ಹೆಸರು ಹೇಳಿ ತಗೋತೀನಿ" ಅಂದ. ಇಲ್ಲಿ ನಾನು ಸ್ವಲ್ಪ ಸಪ್ಪೆಯಾದೆ. 2008ರ ಆಸುಪಾಸಿನ ಕೆಲವು ಮಾಡೆಲ್‌ಗಳಲ್ಲಿ ಇಂಟೆಲ್‌ನ ಮ್ಯಾನೇಜ್‌ಮೆಂಟ್ ಎಂಜಿನ್ ಅನ್ನುವುದನ್ನ ಪೂರ್ತಿ ತೆಗೆಯಬಹುದು. ಆಮೇಲೆ ಬಂದ ಇಂಟೆಲ್ ಮೆಷಿನ್‌ಗಳಲ್ಲಿ ಅದು ಇದ್ದೇ ಇರುತ್ತದೆ. ಮುಖ್ಯ ಪ್ರೊಸೆಸರಿನ ಪಕ್ಕ ಕೂತಿರುವ ಇನ್ನೊಂದು ಕಂಪ್ಯೂಟರ್ ಅದು, ನಿಮ್ಮ ಲಿನಕ್ಸ್ ಎದ್ದೇಳುವ ಮೊದಲೇ ಎದ್ದಿರುತ್ತದೆ. ಅದರೊಳಗೆ ಏನು ಓಡುತ್ತಿದೆ ಅಂತ ಕೆದಕಿದವರಿಗೆ 2017ರಲ್ಲಿ ಸಿಕ್ಕಿದ್ದು ಮಿನಿಕ್ಸ್. ಮಕ್ಕಳಿಗೆ ಪಾಠ ಹೇಳೋಕೆ ಅಂತ ಆಂಡ್ರ್ಯೂ ಟ್ಯಾನೆನ್‌ಬಾಮ್ ಎಂಬ ಮೇಷ್ಟ್ರು 1987ರಲ್ಲಿ ಬರೆದ ಆಪರೇಟಿಂಗ್ ಸಿಸ್ಟಮ್ ಅದು. ಅದನ್ನ ಅಷ್ಟು ಚಿಪ್‌ಗಳಲ್ಲಿ ಹಾಕಿರುವುದು ಆ ಮೇಷ್ಟ್ರಿಗೇ ಸುದ್ದಿ ಬಂದ ಮೇಲೆ ಗೊತ್ತಾಯಿತು. ಒಂದು ಮಾತು ಹೇಳಿದ್ದರೆ ಚೆನ್ನಾಗಿರುತ್ತಿತ್ತು ಅನ್ನುವ ಧಾಟಿಯಲ್ಲಿ ಇಂಟೆಲ್‌ಗೆ ಬಹಿರಂಗ ಪತ್ರ ಬರೆದರು. ಬರೆದವರ ಕತೆಯೇ ಹೀಗೆ, ಇನ್ನು ಕೊಂಡವರ ಗತಿ.

ಸ್ಟಾಲ್‌ಮನ್ ಇದೇ ಕಾರಣಕ್ಕೆ ಹಳೇ ಥಿಂಕ್‌ಪ್ಯಾಡ್ ಲ್ಯಾಪ್‌ಟಾಪ್ ಬಳಸಿದವರು. ಅವರಿಗೆ ಅದು ಸಾಕು. ನಮ್ಮ ಡಿಟಿಪಿಯವರು ಅದರಲ್ಲಿ ನೂರು ಪುಟದ ಸ್ಮರಣ ಸಂಚಿಕೆ ತೆರೆದರೆ ಚಹಾ ಕುಡಿದು ಬರಬಹುದು. ಆರ್‌ಐಎಸ್‌ಸಿ-ಫೈವ್ ಬಗ್ಗೆಯೂ ಕೇಳಿದರು. 2010ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಶುರುವಾದ, ಪ್ರೊಸೆಸರ್‌ಗೆ ಅರ್ಥವಾಗುವ ಆದೇಶಗಳ ಮುಕ್ತ ಭಾಷೆ ಅದು, ನಮ್ಮಲ್ಲಿ ಐಐಟಿ ಮದ್ರಾಸಿನವರ "ಶಕ್ತಿ", ಸರ್ಕಾರಿ ಸಂಸ್ಥೆ ಸಿ-ಡ್ಯಾಕ್‌ನವರ "ವೇಗ" ಪ್ರೊಸೆಸರ್‌ಗಳು ಅದರ ಮೇಲೆ ನಿಂತಿವೆ. ಭಾಷೆ ಮುಕ್ತ ಅಂದ ಮಾತ್ರಕ್ಕೆ ಆ ಭಾಷೆ ಆಡುವ ಪ್ರತಿ ಚಿಪ್ಪೂ ಮುಕ್ತ ಆಗಿರಬೇಕಿಲ್ಲ. ಕಾಯೋಣ.

ಹೈಸ್ಕೂಲ್ ಮೇಷ್ಟ್ರ ಸಂಕಟ ಬೇರೆ. ಅವರ ಶಾಲೆಯ ಲ್ಯಾಬ್‌ನಲ್ಲಿ ಹನ್ನೆರಡು ಕಂಪ್ಯೂಟರ್, ಎಲ್ಲ ಗುಂಡುಕಲ್ಲಿನ ಹಾಗಿವೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಅಪ್‌ಡೇಟ್ ನಿಂತಿತು. ವಿಂಡೋಸ್ 11 ಹಾಕೋಣ ಅಂದರೆ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಬೇಕು, ಪ್ರೊಸೆಸರ್ ಹೊಸ ತಲೆಮಾರಿನದ್ದಾಗಿರಬೇಕು. ಹನ್ನೆರಡೂ ಫೇಲ್. ಸಪ್ಲೈ ಮಾಡಿದವರು ಎಲ್ಲ ಗುಜರಿಗೆ ಹಾಕಿ ಹೊಸದು ತಗೊಳ್ಳಿ ಅಂದರಂತೆ. ಇಲ್ಲಿ ಯಾರು ಯಾರ ಹಾರ್ಡ್‌ವೇರ್ ಆಯ್ಕೆಗೆ ಅಡ್ಡ ಬಂದರು ನೋಡಿ. ಅವರಿಗೆ ಲಿನಕ್ಸ್ ಹಾಕಿಕೊಡುತ್ತೇವೆ ಅಂತ ಹುಡುಗರು ಅಲ್ಲೇ ಒಪ್ಪಿಕೊಂಡರು. ಕನ್ನಡ ಟೈಪ್ ಮಾಡುವ ಕಗಪ ಕೀಲಿಮಣೆ ಸೆಟ್ಟಿಂಗ್ಸ್‌ನಲ್ಲೇ ಇರುತ್ತದೆ, ಅದಕ್ಕೂ ಹುಡುಕಾಡಬೇಕಿಲ್ಲ. ಹಾಗಂತ ಲಿನಕ್ಸ್ ಯಾವ ಹಳೇ ಮೆಷಿನನ್ನೂ ಕೈ ಬಿಡಲ್ಲ ಅಂತ ನಾನು ಹೇಳಲ್ಲ. ಲಿನಕ್ಸ್ ಶುರು ಮಾಡಿದ ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಕರ್ನಲ್ ಬರೆದದ್ದು ಇಂಟೆಲ್‌ನ 386 ಪ್ರೊಸೆಸರ್ ಮೇಲೆ, 2012ರ ಕೊನೆಯಲ್ಲಿ ಅದೇ 386ನ್ನ ಕರ್ನಲ್‌ನಿಂದ ತೆಗೆದರು. ಹುಟ್ಟಿದ ಮನೆಯನ್ನೇ ಕೆಡವಿದ ಹಾಗೆ. ಆದರೆ ಹಳೇ ಕೋಡ್ ಇದೆ, ಬೇಕಾದವರು ಇಟ್ಟುಕೊಂಡು ಓಡಿಸಬಹುದು.

ಕೊಳ್ಳುವಾಗ ಏನು ಮಾಡಬೇಕು ಅಂತ ಕೇಳಿದವರಿಗೆ ನನ್ನ ಹತ್ತಿರ ಇದ್ದದ್ದು ಒಂದೇ ಉಪಾಯ. ಇನ್‌ಸ್ಟಾಲ್ ಮಾಡದೇ ಲಿನಕ್ಸ್ ಓಡಿಸಿ ನೋಡಬಹುದಾದ ಲೈವ್ ಪೆನ್‌ಡ್ರೈವ್ ಜೇಬಲ್ಲಿಟ್ಟುಕೊಂಡು ಅಂಗಡಿಗೆ ಹೋಗಿ, ಡೆಮೊ ಪೀಸ್‌ಗೆ ಹಾಕಿ ನೋಡಲಾ ಅಂತ ಕೇಳಿ. ಹತ್ತರಲ್ಲಿ ಎಂಟು ಕಡೆ ಬೇಡ ಅಂತಾರೆ. ಕೇಳಿ ಪರವಾಗಿಲ್ಲ. ಎರಡು ಕಡೆ ಬಿಡುತ್ತಾರೆ, ಅಲ್ಲಿ ಎಲ್‌ಎಸ್‌ಪಿಸಿಐ (lspci) ಅಂತ ಟೈಪ್ ಮಾಡಿ ಒಳಗೆ ಯಾವ ಕಂಪನಿಯ ಚಿಪ್ ಇದೆ ಅಂತ ಬರೆದುಕೊಂಡು ಬನ್ನಿ, ಮನೆಯಲ್ಲಿ ಕೂತು ಹುಡುಕಿ. ಮತ್ತೆ, ಫರ್ಮ್‌ವೇರ್ ಫೈಲ್ ಹಾಕಿಕೊಂಡವರನ್ನ ಜಾತಿಯಿಂದ ಹೊರಗೆ ಹಾಕುವ ಕೆಲಸ ಬೇಡ. ಆವತ್ತು ಪ್ರೊಜೆಕ್ಟರಿಗೆ ಸಿಕ್ಕಿಸಿದ್ದ ನನ್ನ ಲ್ಯಾಪ್‌ಟಾಪಿನಲ್ಲೂ ಅದೇ ಆರ್‌ಟಿಎಲ್ ಫೈಲ್ ಕೂತಿತ್ತು. ತೋರಿಸಿದೆ. ಇದು ಮುಕ್ತ ಅಲ್ಲ, ನನಗೆ ಗೊತ್ತು, ಮುಂದಿನ ಸಲ ಕೊಳ್ಳುವಾಗ ಇಲ್ಲದ್ದನ್ನ ಹುಡುಕುತ್ತೇನೆ ಅಂದೆ. ಹಿಂದಿನಿಂದ ಯಾರೋ "ಹೋದ ಸಲಾನೂ ಹಿಂಗೇ ಅಂದಿದ್ರಿ" ಅಂದರು. ನಿಜ.

ಕಾರ್ಯಕ್ರಮ ಮುಗಿದ ಮೇಲೆ ಡಿಟಿಪಿಯವರು ಮಳೆ ನಿಂತಿದ್ದು ನೋಡಿ ಸ್ಕೂಟರಿನಲ್ಲಿ ಹೋಗಿ ಅವರ ಪ್ರಿಂಟರನ್ನೇ ಹೊತ್ತು ತಂದರು. ಗೋಣಿಚೀಲ ಸುತ್ತಿದ್ದರು. ಅದರ ಕಂಪನಿ ಲಿನಕ್ಸ್‌ಗೆ ಸರಿಯಾದ ಡ್ರೈವರ್ ಕೊಟ್ಟಿಲ್ಲ, ಆದರೆ ಯಾರೋ ಪುಣ್ಯಾತ್ಮರು ಯುಎಸ್‌ಬಿ ವೈರಿನಲ್ಲಿ ಏನು ಹರಿಯುತ್ತದೆ ಅಂತ ನೋಡಿ ನೋಡಿಯೇ ಒಂದು ಡ್ರೈವರ್ ಬರೆದು ಹಂಚಿದ್ದಾರೆ. ಹುಡುಗರು ಅದನ್ನ ಇಳಿಸಿ ಹಾಕಿದರು. ಮೊದಲನೇ ಹಾಳೆ ಖಾಲಿ ಬಂತು. ಎರಡನೆಯದರಲ್ಲಿ ಮದುವೆ ಪತ್ರಿಕೆ ಬಂತು, ಎಡಗಡೆ ಅರ್ಧ ಇಂಚು ಇರಲಿಲ್ಲ. "ಚಿ. ರಾ."ದಲ್ಲಿ ಚಿ ಹೋಗಿ ಬರೀ ರಾ ಉಳಿದಿತ್ತು. ಅವರು ಹಾಳೆಯನ್ನ ಬೆಳಕಿಗೆ ಹಿಡಿದು ನೋಡಿ, "ಸೋರ್ಸ್ ಇದೆ ಅಂದ್ರಲ್ಲ, ಈ ಎಡಗಡೆ ಅಂಚು ಅದರಲ್ಲಿ ಎಲ್ಲಿದೆ ತೋರಿಸಿ" ಅಂದರು.

ಹುಡುಕಿದೆವು. ಎಂಟೂವರೆಗೆ ವಾಚ್‌ಮನ್ ಬಂದು ಬೀಗದ ಕೈ ಗೊಂಚಲು ಅಲ್ಲಾಡಿಸಿದ. ಹುಡುಗರು ಆವತ್ತಿನಿಂದ ಆ ಪ್ರಿಂಟರನ್ನ ಹಾಸ್ಟೆಲ್ಲಿನಲ್ಲಿ ಇಟ್ಟುಕೊಂಡಿದ್ದಾರೆ. ನಿನ್ನೆ ಫೋನ್ ಮಾಡಿದಾಗ ಅರ್ಧ ಇಂಚು ಹೋಗಿ ಕಾಲು ಇಂಚಿಗೆ ಬಂದಿದೆ ಅಂದರು.